ಪರೀಕ್ಷೆಗೆ ಮೊದಲೇ ಅಂಕಿ ಬರೆದಿಡಿ

ಸ್ನೇಹಿತರೇ,

ಬೆಳಗಿನಿಂದ ಈ ಪರದೆಯ ಮೇಲೆ ಮೂಡಿದ ನಕ್ಷೆಗಳಲ್ಲೆಲ್ಲ ವಸ್ತುವಿನ ಗುಣವನ್ನು ಲೆಕ್ಕದಿಂದ ಅಂದಾಜಿಸುವ ಮಾಡೆಲ್‌ನ ಗೆರೆ ಪರೀಕ್ಷೆಯ ಚುಕ್ಕಿಗಳ ಮೇಲೆಯೇ ಹಾದುಹೋಗಿದೆ. ಸಂತೋಷ. ಆದರೆ ಗೆರೆ ಮೊದಲು ಬಂದಿತೋ, ಚುಕ್ಕಿಗಳು ಮೊದಲು ಬಂದವೋ ಎಂದು ಯಾವ ನಕ್ಷೆಯೂ ಹೇಳಲಿಲ್ಲ. ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡುವ ಕಾಂಪೋಸಿಟ್‌ಗಳ ವಿಷಯದಲ್ಲಿ ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಆದ್ದರಿಂದ ಸಿದ್ಧಪಡಿಸಿಕೊಂಡು ಬಂದ ಕ್ರಮವನ್ನು ಬದಿಗಿಟ್ಟು ಅಲ್ಲಿಂದಲೇ ಆರಂಭಿಸುತ್ತೇನೆ.

ಸುಲಭದ ಕಡೆಯನ್ನು ಮೊದಲು ನೋಡೋಣ. ಗಾಜಿನ ಎಳೆಯ ಯಂಗ್ ಗುಣಾಂಕ, ಅಂದರೆ ಎಳೆದಾಗ ಅದು ತೋರುವ ಬಿಗಿತ, ಸುಮಾರು 72 ಗಿಗಾಪ್ಯಾಸ್ಕಲ್, ಎಳೆಗಳನ್ನು ಹಿಡಿದಿಡುವ ಎಪಾಕ್ಸಿ ರಾಳದ್ದು ಸುಮಾರು 3.5. ಶೇ 60ರಷ್ಟು ಎಳೆ ಇರುವ ಪದರವನ್ನು ಎಳೆಗಳ ಉದ್ದಕ್ಕೆ ಎಳೆದರೆ, ಎರಡರ ಬಿಗಿತವನ್ನೂ ಅವುಗಳ ಪಾಲಿನಂತೆ ಕೂಡಿಸುವ ಮಿಶ್ರಣ ನಿಯಮ ಹೇಳುವುದು ಸುಮಾರು 45. ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅದೇ ಪದರವನ್ನು ಅಡ್ಡಕ್ಕೆ ಎಳೆಯಿರಿ. ವಿಲೋಮ ಮಿಶ್ರಣ ನಿಯಮ 8 ಎನ್ನುತ್ತದೆ, ಹ್ಯಾಲ್ಪಿನ್–ತ್ಸಾಯ್ ಸೂತ್ರ 15ರ ಹತ್ತಿರ ನಿಲ್ಲುತ್ತದೆ. ಒಂದೇ ವಸ್ತು, ಹೆಚ್ಚುಕಡಿಮೆ ಎರಡು ಪಟ್ಟು ಅಂತರ! ಹ್ಯಾಲ್ಪಿನ್–ತ್ಸಾಯ್‌ನಲ್ಲಿ ‘ಕ್ಸೈ’ ಎಂಬ ಒಂದು ಸಂಖ್ಯೆ ಇದೆಯಲ್ಲ, ದುಂಡನೆಯ ಎಳೆಗಳಿಗೆ 2 ಎಂದು ನಾವೆಲ್ಲ ಕಣ್ಣುಮುಚ್ಚಿ ಹಾಕುತ್ತೇವಲ್ಲ, ಆ 2 ಬಂದದ್ದೇ ಹೆಚ್ಚು ನಿಖರವಾದ ಲೆಕ್ಕಗಳಿಗೆ ಸೂತ್ರವನ್ನು ಹೊಂದಿಸಿ. ಅದರಲ್ಲಿ ತಪ್ಪೇನಿಲ್ಲ, ಬಹಳ ಉಪಯುಕ್ತ ಸೂತ್ರ. ಆದರೆ ನಿಮ್ಮದೇ ಪರೀಕ್ಷೆಯ ಫಲಿತಾಂಶ ನೋಡಿದ ಮೇಲೆ ಕ್ಸೈಯನ್ನು 1.4 ಮಾಡಿಕೊಂಡು ‘ಮಾಡೆಲ್ ಹೊಂದಿತು’ ಎಂದರೆ ಹೊಂದಿದ್ದು ಮಾಡೆಲ್ ಅಲ್ಲ, ಕ್ಸೈ.

ಆದರೂ ಬಿಗಿತದ ಲೆಕ್ಕದಲ್ಲಿ ನಮಗೊಂದು ಆಸರೆ ಇದೆ. ಫೋಯ್ಗ್ಟ್ 1889ರಲ್ಲಿ, ರಾಯ್ಸ್ 1929ರಲ್ಲಿ ಕೊಟ್ಟ ಸರಾಸರಿಗಳ ನಡುವೆಯೇ ಸತ್ಯ ಇರಬೇಕು ಎಂದು ಹಿಲ್ 1952ರಲ್ಲಿ ತೋರಿಸಿದರು. ಹಾಶಿನ್ ಮತ್ತು ಶ್ಟ್ರಿಕ್‌ಮನ್ 1963ರಲ್ಲಿ ಆ ಎಲ್ಲೆಗಳನ್ನು ಇನ್ನೂ ಹತ್ತಿರ ತಂದರು. ಎಶೆಲ್ಬಿ, ಮೋರಿ–ತನಾಕ ವಿಧಾನಗಳು, ವಸ್ತುವಿನ ಒಂದು ಪುಟ್ಟ ಮಾದರಿ ತುಣುಕನ್ನು ಗಣಕದಲ್ಲಿ ಲೆಕ್ಕಹಾಕುವ ಇಂದಿನ ಫೈನೈಟ್ ಎಲಿಮೆಂಟ್ ಘಟಕಕೋಶ ಎಲ್ಲವೂ ಈ ಹಾದಿಯವೇ. ಬಿಗಿತ ಇಡೀ ವಸ್ತುವಿನ ಸರಾಸರಿ, ಒಂದು ಮೂಲೆಯ ದೋಷ ಅದರಲ್ಲಿ ಕರಗಿಹೋಗುತ್ತದೆ. ಮುರಿಯುವಿಕೆ ಹಾಗಲ್ಲ. ಅದು ಆರಂಭವಾಗುವುದೇ ಆ ಮೂಲೆಯಿಂದ.

ಎಳೆಗಳ ದಿಕ್ಕಿನಲ್ಲಿ ಅದುಮಿದಾಗ ಪದರ ಮುರಿಯದೆ ತಡೆದುಕೊಳ್ಳುವ ಬಲವನ್ನೇ ತೆಗೆದುಕೊಳ್ಳಿ. ಈ ವಿಷಯಕ್ಕೆ ಬಂದರೆ ನನಗೆ ನಿಲ್ಲಿಸಲು ಆಗುವುದಿಲ್ಲ, ಸಹಿಸಿಕೊಳ್ಳಿ. ರೋಸೆನ್ 1965ರಲ್ಲಿ ಕೊಟ್ಟ ಸೂತ್ರ ಎಷ್ಟು ಸುಂದರ! ರಾಳದ ಕತ್ತರಿ ಗುಣಾಂಕವನ್ನು, ಅಂದರೆ ಕತ್ತರಿಯ ಅಲಗುಗಳಂತೆ ಪಕ್ಕಪಕ್ಕಕ್ಕೆ ಜಾರಿಸುವ ಬಲಕ್ಕೆ ಅದು ತೋರುವ ಬಿಗಿತವನ್ನು, ಪದರದಲ್ಲಿ ರಾಳದ ಪಾಲಿನಿಂದ ಭಾಗಿಸಿ, ಅಷ್ಟೇ. 1.3 ಗಿಗಾಪ್ಯಾಸ್ಕಲ್ ಭಾಗಿಸು 0.4, ಅಂದರೆ 3,250 ಮೆಗಾಪ್ಯಾಸ್ಕಲ್. ಮಾಮೂಲಿ ಕಾರ್ಬನ್–ಎಪಾಕ್ಸಿ ಪದರ ಪರೀಕ್ಷೆಯಲ್ಲಿ ಅದರ ಅರ್ಧವನ್ನೂ ಮುಟ್ಟುವುದು ಕಷ್ಟ. ಕಾರಣ ಬೇಕಾದರೆ ತುಂಡನ್ನು ಕತ್ತರಿಸಿ, ಹೊಳಪು ಬರುವಂತೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಡಿ. ಸುಮಾರು 7 ಮೈಕ್ರೋಮೀಟರ್ ದಪ್ಪದ ಎಳೆಗಳು ನೆಟ್ಟಗಿರುವುದಿಲ್ಲ. ಒಂದೆರಡು ಡಿಗ್ರಿ ವಾಲಿರುತ್ತವೆ, ಅಲೆಅಲೆಯಾಗಿ ಸಾಗುತ್ತವೆ. ತುಸು ಬಾಗಿದ ಬೆತ್ತವನ್ನು ತುದಿಗಳಿಂದ ಅದುಮಿದರೆ ಅದು ಬಾಗಿದ ಕಡೆಗೇ ಮಡಿಯುವಂತೆ ಆ ಗುಂಪು ಅಲ್ಲಿಯೇ ಮಡಿಯುತ್ತದೆ, ಪಕ್ಕದ ರಾಳ ಕತ್ತರಿ ಬಲಕ್ಕೆ ಸೋಲುತ್ತದೆ, ಕ್ಷಣದಲ್ಲಿ ಒಂದು ಓರೆಪಟ್ಟಿ ಇಡೀ ತುಂಡನ್ನು ಸೀಳುತ್ತದೆ. ಆರ್ಗಾನ್ 1972ರಲ್ಲಿ ಬರೆದ ಸರಳ ಸೂತ್ರದ ಪ್ರಕಾರ ವಾಲಿಕೆ ಎರಡು ಪಟ್ಟಾದರೆ ಬಲ ಅರ್ಧಕ್ಕಿಳಿಯುತ್ತದೆ. ಈಗ ಹೇಳಿ, ನಿಮ್ಮ ಮಾಡೆಲ್‌ಗೆ ವಾಲಿಕೆಯ ಕೋನ ಎಲ್ಲಿಂದ ಬಂತು? ಅಳೆದು ಹಾಕಿದಿರೋ, ಉತ್ತರ ಸರಿಬರುವ ತನಕ ತಿರುಗಿಸಿದಿರೋ? ಅಳೆದು ಹಾಕಿದ್ದರೆ ನಿಮಗೆ ನನ್ನ ನಮಸ್ಕಾರ.

ಇಲ್ಲಿ, ಕಾಂಪೋಸಿಟ್ ಯಾವಾಗ ಮುರಿಯುತ್ತದೆ ಎಂದು ಹೇಳುವ ಸಿದ್ಧಾಂತಗಳನ್ನು ಒರೆಗೆ ಹಚ್ಚಿದ ಆ ಜಾಗತಿಕ ‘ವೈಫಲ್ಯ ಪರೀಕ್ಷೆ’ಯನ್ನು ನೆನೆಯದೆ ಮುಂದೆ ಹೋಗಲಾರೆ. ಹಿಂಟನ್, ಸೋಡೆನ್, ಕದ್ದೂರ್ ಎಂಬ ಮೂವರು ಬ್ರಿಟನ್ನಿನಲ್ಲಿ ಅದನ್ನು ನಡೆಸಿದರು. ಸಿದ್ಧಾಂತಗಳನ್ನು ಕಟ್ಟಿದವರನ್ನೇ ಕರೆದು ಎಲ್ಲರಿಗೂ ಒಂದೇ ಎಳೆ, ಒಂದೇ ರಾಳ, ಒಂದೇ ಪದರಜೋಡಣೆಯ ಗುಣಗಳನ್ನು ಕೊಟ್ಟರು. ಪ್ರಶ್ನೆಗಳು ಹದಿನಾಲ್ಕು. ಫಲಿತಾಂಶವನ್ನು ಮಾತ್ರ ತೋರಿಸಲಿಲ್ಲ. ಪಠ್ಯ ಬರೆದವರೇ ಪರೀಕ್ಷೆಗೆ ಕುಳಿತರು ಎಂಬುದೇ ಎಷ್ಟು ಸೊಗಸು! ಅಂದಾಜುಗಳು 1998ರಲ್ಲಿ ಅಚ್ಚಾದವು, ಪ್ರಯೋಗದ ಅಂಕಿಗಳು ಅವುಗಳ ಎದುರು ನಿಂತದ್ದು 2002ರಲ್ಲಿ. ಅದೇ ಹಲಗೆ, ಅದೇ ಹೊರೆ, ಆದರೂ ಒಬ್ಬರ ಉತ್ತರಕ್ಕೂ ಇನ್ನೊಬ್ಬರ ಉತ್ತರಕ್ಕೂ ಕೆಲವೆಡೆ ಹಲವು ಪಟ್ಟು ಅಂತರ. ರಾಳದಲ್ಲಿ ಮೊದಲ ಬಿರುಕು ಯಾವಾಗ ಎಂಬಲ್ಲಂತೂ ಒಮ್ಮತವೇ ಇರಲಿಲ್ಲ. ಬಿಸಿಯಲ್ಲಿ ಗಟ್ಟಿಯಾದ ಹಲಗೆ ತಣಿಯುವಾಗ ಒಳಗೆ ಉಳಿಯುವ ಒತ್ತಡವನ್ನು ಕೆಲವರು ಲೆಕ್ಕಕ್ಕೆ ಹಿಡಿದಿದ್ದರು, ಕೆಲವರು ಬಿಟ್ಟಿದ್ದರು. ಆ ದೊಡ್ಡವರು ತಮ್ಮ ಅಂಕಿಗಳನ್ನು ಮೊದಲೇ ಅಚ್ಚಿಗೆ ಕೊಟ್ಟರಲ್ಲ, ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಅದರಲ್ಲಿ ಪಾಲ್ಗೊಂಡ ಪುಕ್ ಅವರ ಮುರಿಯುವಿಕೆಯ ಸಿದ್ಧಾಂತಕ್ಕೆ ಇಂದು ಇರುವ ಗೌರವದಲ್ಲಿ ಆ ಬಯಲು ಪರೀಕ್ಷೆಯ ಪಾಲು ದೊಡ್ಡದು. ಹೊಂದಿಸಿ ತೋರಿಸಿದ ನೂರು ನಕ್ಷೆಗಳಿಂದ ಅಂಥ ಗೌರವ ಬರುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮತ್ತೆಮತ್ತೆ ಹೊರೆ ಬಿದ್ದು ವಸ್ತು ದಣಿಯುವುದರ ಬಗ್ಗೆ, ತೇವಾಂಶದ ಬಗ್ಗೆ ಹೇಳಬೇಕೆಂದಿದ್ದೆ, ಅದು ಇನ್ನೊಮ್ಮೆ. ಗಾಳಿಗುಳ್ಳೆಗಳ ಬಗ್ಗೆ ಒಂದೇ ಮಾತು: ಶೇ 1ರಷ್ಟು ಗುಳ್ಳೆ ಹೆಚ್ಚಿದರೆ ಪದರಗಳ ನಡುವಿನ ಕತ್ತರಿ ಬಲ ಸುಮಾರು ಶೇ 7ರಷ್ಟು ಕುಸಿಯುತ್ತದೆ ಎಂಬುದು ಹಳೆಯ, ಇನ್ನೂ ಉಪಯೋಗಕ್ಕೆ ಬರುವ ಅಂದಾಜು. ನಿಮ್ಮ ಘಟಕಕೋಶದಲ್ಲಿ ಗುಳ್ಳೆ ಇದೆಯೇ, ನೋಡಿಕೊಳ್ಳಿ. ಯಂತ್ರಕಲಿಕೆಯ ಗೆಳೆಯರಿಗೂ ನನ್ನ ಪ್ರಶ್ನೆ ಅದೇ: ತರಬೇತಿಯಲ್ಲಿ ಎಂದೂ ಕಾಣದ ಹಲಗೆಯ ಬಲವನ್ನು, ಅದು ಮುರಿಯುವ ಮೊದಲು ಹೇಳಿದ್ದೀರಾ?

ಸಂಘಟಕರಲ್ಲಿ ಒಂದು ಬೇಡಿಕೆ ಇದೆ. ಮುಂದಿನ ಸಭೆಗೆ ಒಂದೇ ಹಲಗೆಯಿಂದ ತುಂಡುಗಳನ್ನು ಕತ್ತರಿಸೋಣ. ಎಳೆ ಮತ್ತು ರಾಳದ ಗುಣಗಳು, ಅಡ್ಡಕೊಯ್ತದ ಚಿತ್ರಗಳು, ಅಳೆದ ವಾಲಿಕೆಯ ಕೋನಗಳು, ಬಿಸಿಮಾಡಿದ ಕ್ರಮ, ಇಷ್ಟನ್ನು ಎಲ್ಲರಿಗೂ ಕೊಡೋಣ. ಪ್ರತಿಯೊಬ್ಬರೂ ಬಲವನ್ನು ಒಂದೇ ಅಂಕಿಯಾಗಿ ಅಲ್ಲ, ಇಷ್ಟರಿಂದ ಇಷ್ಟರವರೆಗೆ ಎಂದು ಬರೆದು ಲಕೋಟೆಯಲ್ಲಿ ಕೊಡಲಿ. ಆಮೇಲೆ ಪರೀಕ್ಷಾ ಯಂತ್ರವನ್ನು ಓಡಿಸೋಣ. ಹಲಗೆ ಮಾಡಿಸುವ ಹೊಣೆ ನನ್ನದು. ಸೇರುವವರು ಈ ವಿರಾಮದಲ್ಲೇ ನನ್ನ ಬಳಿ ಹೆಸರು ಬರೆಸಿ.