ಮತದಾರರ ಪಟ್ಟಿಗೆ ಒಂದು ಸಹಿ

ಕೇಳುಗರಿಗೆ ನಮಸ್ಕಾರ.

ಜನಾಂಗ, ಬಣ್ಣ ಅಥವಾ ಹಿಂದೆ ಗುಲಾಮರಾಗಿದ್ದರೆಂಬ ಕಾರಣಕ್ಕಾಗಿ ಯಾವ ಪ್ರಜೆಯ ಮತದಾನದ ಹಕ್ಕನ್ನೂ ಕಿತ್ತುಕೊಳ್ಳಕೂಡದೆಂದು ಅಮೆರಿಕದ ಸಂವಿಧಾನದ 15ನೆಯ ತಿದ್ದುಪಡಿ 1870ರಲ್ಲೇ ಹೇಳಿತು. ಹಾಗಿದ್ದ ಮೇಲೆ 1960ರ ದಶಕದಲ್ಲಿ ಆ ದೇಶದ ದಕ್ಷಿಣ ರಾಜ್ಯಗಳ ಕಪ್ಪು ಜನರು ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳುವುದಕ್ಕಾಗಿ ಏಕೆ ಏಟು ತಿನ್ನಬೇಕಾಯಿತು, ಏಕೆ ಜೀವ ತೆರಬೇಕಾಯಿತು? ಹಿಂಸೆಯ ಕಥೆ ನಮಗೆ ತಕ್ಕಮಟ್ಟಿಗೆ ಗೊತ್ತಿದೆ. ಆ ಹಿಂಸೆಗೆ ಮೊದಲು, ಸರ್ಕಾರಿ ಕಚೇರಿಯ ಮೇಜಿನ ಮೇಲೆ, ಒಂದು ಪರೀಕ್ಷೆಯ ರೂಪದಲ್ಲಿ ನಡೆದ ವಂಚನೆಯ ಬಗ್ಗೆಯೂ, ಆ ಪರೀಕ್ಷೆಯನ್ನು ಎದುರಿಸಲು ಹುಟ್ಟಿಕೊಂಡ ರಾತ್ರಿಶಾಲೆಗಳ ಬಗ್ಗೆಯೂ ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಬಣ್ಣದ ಹೆಸರೆತ್ತಿ ಮತದಾನ ತಡೆಯುವಂತಿಲ್ಲವೆಂದಾದಾಗ, ದಕ್ಷಿಣದ ಬಿಳಿಯ ಶಾಸಕರು ಬಣ್ಣದ ಹೆಸರನ್ನೇ ಎತ್ತದೆ ಅದೇ ಕೆಲಸವನ್ನು ಮಾಡಿ ಮುಗಿಸುವ ದಾರಿ ಕಂಡುಕೊಂಡರು. ಮಿಸಿಸಿಪ್ಪಿ 1890ರಲ್ಲಿ, ಸೌತ್ ಕ್ಯಾರೊಲಿನಾ 1895ರಲ್ಲಿ, ಲೂಸಿಯಾನ 1898ರಲ್ಲಿ ತಮ್ಮ ರಾಜ್ಯ ಸಂವಿಧಾನಗಳನ್ನೇ ಹೊಸದಾಗಿ ಬರೆದುಕೊಂಡವು. ಮತದಾರನಾಗಬೇಕಾದವನಿಗೆ ಓದುಬರಹ ಬರಬೇಕು, ಇಲ್ಲವೆ ಇಂತಿಷ್ಟು ಆಸ್ತಿ ಇರಬೇಕು, ಮತಗಂದಾಯ ಕಟ್ಟಿದ ರಸೀದಿ ಕೈಯಲ್ಲಿರಬೇಕು ಎಂಬ ನಿಯಮಗಳು ಬಂದವು. ಓದು ಬಾರದ ಬಿಳಿಯರೂ ಸಾಕಷ್ಟು ಮಂದಿ ಇದ್ದರಲ್ಲ, ಅವರ ಗತಿಯೇನು? ಅದಕ್ಕೂ ಲೂಸಿಯಾನದಲ್ಲಿ ವ್ಯವಸ್ಥೆಯಾಯಿತು: 1867ಕ್ಕೆ ಮುಂಚೆ ಯಾರ ತಂದೆಯೋ ತಾತನೋ ಮತದಾರರಾಗಿದ್ದರೋ ಅಂಥವರಿಗೆ ಪರೀಕ್ಷೆಯಿಂದ ವಿನಾಯಿತಿ. ಗುಲಾಮರಾಗಿದ್ದವರ ಮೊಮ್ಮಕ್ಕಳಿಗೆ ಅಂಥ ತಾತ ಎಲ್ಲಿಂದ ಬರಬೇಕು? ಈ ತಾತನ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1915ರಲ್ಲಿ ತಳ್ಳಿಹಾಕಿತಾದರೂ, ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. 1896ರಲ್ಲಿ ಲೂಸಿಯಾನದ ಮತದಾರರ ಪಟ್ಟಿಯಲ್ಲಿ 1,30,334 ಕಪ್ಪು ಜನರಿದ್ದರು. 1904ರ ಹೊತ್ತಿಗೆ ಉಳಿದವರು 1,342 ಮಂದಿ.

ಪರೀಕ್ಷೆಯ ನಿಜವಾದ ಕುತಂತ್ರ ಇದ್ದದ್ದು ಪ್ರಶ್ನೆಗಳಲ್ಲಲ್ಲ, ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರದಲ್ಲಿ. ಮಿಸಿಸಿಪ್ಪಿಯ ಸಂವಿಧಾನದ 285 ವಿಧಿಗಳಲ್ಲಿ ಯಾವುದನ್ನು ಬೇಕಾದರೂ ನೋಂದಣಾಧಿಕಾರಿ ಆರಿಸಿ, ಅರ್ಜಿದಾರನ ಕೈಯಲ್ಲಿ ನಕಲು ಮಾಡಿಸಿ, ಅದರ ಅರ್ಥ ವಿವರಿಸೆಂದು ಕೇಳಬಹುದಾಗಿತ್ತು. ಬಿಳಿಯನಿಗೆ ಒಂದು ಸಾಲಿನ ಸುಲಭ ವಿಧಿ, ಕಪ್ಪು ಮನುಷ್ಯನಿಗೆ ವಕೀಲರೂ ತಡವರಿಸುವಂಥದ್ದು. ಅಲಬಾಮಾದ ಟಸ್ಕೀಗಿಯಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಕಪ್ಪು ಅಧ್ಯಾಪಕರಿಗೇ ನೋಂದಣಿ ಸಿಗುತ್ತಿರಲಿಲ್ಲ ಎಂದ ಮೇಲೆ, ಅಕ್ಷರಜ್ಞಾನ ಬರಿಯ ನೆಪವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಹಾಗೆ ನೋಡಿದರೆ ಇದೇ ಕಾಲದಲ್ಲಿ, ಅಂದರೆ 1951-52ರ ಮೊದಲ ಮಹಾಚುನಾವಣೆಯಲ್ಲಿ, ನಮ್ಮ ದೇಶ ಓದು ಬಾರದ ಕೋಟ್ಯಂತರ ಜನರಿಗಾಗಿ ಚುನಾವಣಾ ಚಿಹ್ನೆಗಳನ್ನು ಅಂಟಿಸಿದ ಮತಪೆಟ್ಟಿಗೆಗಳನ್ನು ಇರಿಸಿತ್ತು.

ಈಗ ಸೌತ್ ಕ್ಯಾರೊಲಿನಾದ ಕರಾವಳಿಗೆ ಬರೋಣ. ಚಾರ್ಲ್‌ಸ್ಟನ್ ನಗರದ ಪಕ್ಕದಲ್ಲಿ ಜಾನ್ಸ್ ಐಲೆಂಡ್ ಎಂಬ ದ್ವೀಪವಿದೆ. 1916ರಲ್ಲಿ, ಇನ್ನೂ 18 ವರ್ಷದ ಸೆಪ್ಟಿಮಾ ಕ್ಲಾರ್ಕ್ ಅಲ್ಲಿಗೆ ಶಿಕ್ಷಕಿಯಾಗಿ ಹೋದರು. ಚಾರ್ಲ್‌ಸ್ಟನ್ ನಗರದ ಸರ್ಕಾರಿ ಶಾಲೆಗಳು ಕಪ್ಪು ಶಿಕ್ಷಕರನ್ನು ಆಗ ನೇಮಿಸಿಕೊಳ್ಳುತ್ತಿರಲಿಲ್ಲ. ದ್ವೀಪದ ಶಾಲೆಯಲ್ಲಿ 132 ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು, ಮುಖ್ಯ ಶಿಕ್ಷಕಿಯೂ ಆಗಿದ್ದ ಸೆಪ್ಟಿಮಾ ಅವರಿಗೆ ತಿಂಗಳಿಗೆ 35 ಡಾಲರ್ ಸಂಬಳ. ಎದುರಿಗಿದ್ದ ಬಿಳಿಯ ಮಕ್ಕಳ ಶಾಲೆಯಲ್ಲಿ ಮೂರೇ ಮಕ್ಕಳು, ಅಲ್ಲಿನ ಶಿಕ್ಷಕಿಗೆ 85 ಡಾಲರ್. ನಾಲ್ಕು ದಶಕಗಳ ಕಾಲ ಈ ವೃತ್ತಿಯಲ್ಲಿದ್ದ ಅವರನ್ನು 1956ರಲ್ಲಿ ಕೆಲಸದಿಂದ ತೆಗೆದುಹಾಕಲಾಯಿತು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಸದಸ್ಯರಿಗೆ ಸರ್ಕಾರಿ ನೌಕರಿ ಇಲ್ಲವೆಂದು ರಾಜ್ಯ ಕಾಯಿದೆ ಮಾಡಿತ್ತು. ಸೆಪ್ಟಿಮಾ ತಮ್ಮ ಸದಸ್ಯತ್ವವನ್ನು ಮುಚ್ಚಿಡಲು ಒಪ್ಪಲಿಲ್ಲ. ನೌಕರಿಯ ಜೊತೆಗೆ ಪಿಂಚಣಿಯೂ ಹೋಯಿತು. ಟೆನ್ನೆಸಿಯ ಗುಡ್ಡಗಾಡಿನಲ್ಲಿ ಮೈಲ್ಸ್ ಹಾರ್ಟನ್ ನಡೆಸುತ್ತಿದ್ದ ಹೈಲ್ಯಾಂಡರ್ ಶಾಲೆ ಅವರನ್ನು ಕರೆದುಕೊಂಡಿತು. ಕಪ್ಪು ಬಿಳಿ ಎಂಬ ಭೇದವಿಲ್ಲದೆ ಜನ ಒಟ್ಟಿಗೆ ಕೂತು ಉಂಡು ಕಲಿಯುತ್ತಿದ್ದ, ಆ ಭಾಗದಲ್ಲಿ ತೀರ ಅಪರೂಪವಾದ ಜಾಗ ಅದು. ನೌಕರಿ ಹೋಗುವುದಕ್ಕೆ ಮುಂಚೆಯೇ, 1955ರ ಬೇಸಿಗೆಯಲ್ಲಿ, ಸೆಪ್ಟಿಮಾ ಅಲ್ಲಿ ನಡೆಸಿದ ಶಿಬಿರಕ್ಕೆ ಬಂದಿದ್ದವರಲ್ಲಿ ರೋಸಾ ಪಾರ್ಕ್ಸ್ ಒಬ್ಬರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಅಲಬಾಮಾದ ಮಾಂಟ್ಗೊಮರಿಯ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲು ನಿರಾಕರಿಸಿದ್ದು ಜಗತ್ತಿಗೇ ಗೊತ್ತಿದೆ.

ಇನ್ನೊಂದು ಬಸ್ಸಿನ ಕಥೆ ಅಷ್ಟಾಗಿ ಗೊತ್ತಿಲ್ಲ. ಜಾನ್ಸ್ ಐಲೆಂಡಿನ ಈಸಾ ಜೆಂಕಿನ್ಸ್ ದ್ವೀಪದ ಕೂಲಿಕಾರರನ್ನು ದಿನವೂ ಚಾರ್ಲ್‌ಸ್ಟನ್‌ಗೆ ಕರೆದೊಯ್ಯುವ ಬಸ್ಸು ಇಟ್ಟಿದ್ದರು. ಬೆಳಗಿನ ಪ್ರಯಾಣದಲ್ಲಿ ಅವರು ರಾಜ್ಯ ಸಂವಿಧಾನದ ಮತದಾನದ ಭಾಗವನ್ನು ಪ್ರಯಾಣಿಕರಿಗೆ ಹೇಳಿಕೊಡತೊಡಗಿದರು. ಒಬ್ಬ ಹೆಂಗಸು ಕೇಳಿ ಕೇಳಿಯೇ ಅದನ್ನು ಬಾಯಿಪಾಠ ಮಾಡಿಬಿಟ್ಟರಂತೆ. ಆದರೆ ಬಾಯಿಪಾಠ ಎಷ್ಟು ದಿನ ಬಂದೀತು? ತಮಗೆ ನಿಜವಾಗಿ ಓದಲು ಕಲಿಸಬೇಕೆಂದು ಅವರೇ ಕೇಳಿಕೊಂಡರು. ಹೈಲ್ಯಾಂಡರ್ ಶಾಲೆಯ ಸಾಲದಿಂದ ದ್ವೀಪದವರು ಒಂದು ಹಳೆಯ ಕಟ್ಟಡವನ್ನು ಕೊಂಡರು. ಮುಂದುಗಡೆ ದಿನಸಿ ಅಂಗಡಿ, ಹಿಂದುಗಡೆ ತರಗತಿ. ಅಂಗಡಿ ಇಟ್ಟದ್ದು ವ್ಯಾಪಾರಕ್ಕೆಂಬುದು ಎಷ್ಟು ನಿಜವೋ, ಬಿಳಿಯರ ಕಣ್ಣಿಗೆ ಶಾಲೆ ಬೀಳದಿರಲಿ ಎಂಬುದೂ ಅಷ್ಟೇ ನಿಜ.

1957ರ ಜನವರಿಯಲ್ಲಿ, ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ, ಮೊದಲ ತರಗತಿ ಆರಂಭವಾಯಿತು. ಪಾಠ ಹೇಳಲು ಸೆಪ್ಟಿಮಾ ಆರಿಸಿದ್ದು ತಮ್ಮ ಬಂಧು ಬರ್ನಿಸ್ ರಾಬಿನ್ಸನ್ ಅವರನ್ನು. ಅವರದು ಹೆಂಗಸರ ಕೇಶಾಲಂಕಾರದ ವೃತ್ತಿ. ಶಿಕ್ಷಕ ತರಬೇತಿ ಪಡೆದವರನ್ನು ಬೇಕೆಂದೇ ಬಿಟ್ಟಿದ್ದರು. ವಯಸ್ಸಾದ ರೈತಾಪಿ ಜನರ ಎದುರು ಮೇಷ್ಟರ ಗತ್ತು ತೋರಿಸುವವರು ಬೇಡ ಎಂಬುದು ಒಂದು ಕಾರಣವಾದರೆ, ಕೇಶಾಲಂಕಾರದವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ ಆದ್ದರಿಂದ ಅವರನ್ನು ಕೆಲಸದಿಂದ ತೆಗೆಯಲು ಯಾವ ಬಿಳಿಯ ಧಣಿಗೂ ಸಾಧ್ಯವಿಲ್ಲ ಎಂಬುದು ಇನ್ನೊಂದು. ಬರ್ನಿಸ್ ಮೊದಲ ರಾತ್ರಿ ಚಿಕ್ಕ ಮಕ್ಕಳ ಪಠ್ಯಗಳನ್ನು ಒಯ್ದರು. ಅವು ಈ ದೊಡ್ಡವರಿಗೆ ಹೊಂದುವುದಿಲ್ಲವೆಂದು ಕಂಡು ಪಕ್ಕಕ್ಕಿಟ್ಟು, ನಿಮಗೆ ಏನು ಕಲಿಯಬೇಕಾಗಿದೆ ಎಂದು ಅವರನ್ನೇ ಕೇಳಿದರು. ತಮ್ಮ ಹೆಸರು ತಾವೇ ಬರೆಯಬೇಕು, ಬೈಬಲ್ ಓದಬೇಕು, ಮನಿ ಆರ್ಡರ್ ನಮೂನೆ ತುಂಬಬೇಕು ಎಂಬ ಉತ್ತರಗಳು ಬಂದವು. ಅವೇ ಪಠ್ಯವಾದವು. ರಟ್ಟಿನ ಮೇಲೆ ಹೆಸರನ್ನು ಕೂಡುಬರಹದಲ್ಲಿ ಬರೆದುಕೊಟ್ಟು, ಅದರ ಮೇಲೆಯೇ ಮತ್ತೆ ಮತ್ತೆ ತಿದ್ದಿಸುವುದು ಈ ಶಾಲೆಗಳ ಕ್ರಮವಾಗಿತ್ತು. ನೇಗಿಲು ಹಿಡಿದು ಅಭ್ಯಾಸವಾದ ಕೈಗಳ ಬಿಗಿಗೆ ಪೆನ್ಸಿಲ್ಲುಗಳು ಪಟಕ್ಕನೆ ಮುರಿಯುತ್ತಿದ್ದವೆಂದು ಸೆಪ್ಟಿಮಾ ಮುಂದೆ ನೆನೆದಿದ್ದಾರೆ. ಮುರಿದರೆ ಇನ್ನೊಂದನ್ನು ಕೊಟ್ಟರಾಯಿತು. ಆ ಚಳಿಗಾಲ ಕಳೆಯುವಷ್ಟರಲ್ಲಿ ಅಲ್ಲಿ ಕಲಿತವರು ನೋಂದಣಿ ಕಚೇರಿಗೆ ಹೋಗಿ ಸಂವಿಧಾನವನ್ನು ಓದಿ ಹೇಳಿ, ತಮ್ಮ ಸಹಿ ಹಾಕಿ ಬಂದರು.

ಟೆನ್ನೆಸಿ ಸರ್ಕಾರ ಹೈಲ್ಯಾಂಡರ್ ಶಾಲೆಯನ್ನು ಮುಚ್ಚಿಸುವ ಹೊತ್ತಿಗೆ, 1961ರಲ್ಲಿ, ಪೌರತ್ವ ಶಾಲೆಗಳೆಂದು ಹೆಸರಾದ ಈ ಕಾರ್ಯಕ್ರಮ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯ ಕೈಸೇರಿತು. ಡೊರೊಥಿ ಕಾಟನ್, ಆಂಡ್ರ್ಯೂ ಯಂಗ್ ಜೊತೆಗೂಡಿದರು. ಹಳ್ಳಿಹಳ್ಳಿಗಳಿಂದ ಬಂದವರು ಕೆಲವು ದಿನ ತರಬೇತಿ ಪಡೆದು ತಮ್ಮೂರಿಗೆ ಮರಳಿ ಶಾಲೆ ತೆರೆದರು. ಆದರೂ ಆ ಸಂಘಟನೆಯ ಸಭೆಗಳಲ್ಲಿ ಪಾದ್ರಿಗಳಾದ ಗಂಡಸರು ತಮ್ಮ ಮಾತಿಗೆ ಬೆಲೆ ಕೊಡುತ್ತಿರಲಿಲ್ಲವೆಂದು ಸೆಪ್ಟಿಮಾ ಕಡೆಯವರೆಗೂ ಹೇಳುತ್ತಿದ್ದರು. ಅವರ ದೂರು ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಸಮಾನತೆಗಾಗಿ ನಡೆದ ಹೋರಾಟ ತನ್ನೊಳಗಿನ ಅಸಮಾನತೆಯನ್ನು ಗಮನಿಸಲು ಬಹಳ ತಡಮಾಡಿತು.

ಮಿಸಿಸಿಪ್ಪಿಯಲ್ಲಿ ಬರಿಯ ಅಕ್ಷರ ಸಾಲುತ್ತಿರಲಿಲ್ಲ. 1962ರ ಆಗಸ್ಟ್ 31ರಂದು ರೂಲ್‌ವಿಲ್ ಊರಿನಿಂದ 18 ಮಂದಿ ಹಳೆಯದೊಂದು ಬಸ್ಸಿನಲ್ಲಿ ಇಂಡಿಯನೋಲಾದ ನೋಂದಣಿ ಕಚೇರಿಗೆ ಹೋದರು. ಅವರಲ್ಲಿ ಫ್ಯಾನಿ ಲೂ ಹೇಮರ್ ಒಬ್ಬರು. ಹತ್ತಿ ತೋಟವೊಂದರಲ್ಲಿ 18 ವರ್ಷ ಕೋರಿಗೆ ಬೇಸಾಯ ಮಾಡಿಕೊಂಡು, ಆಳುಗಳ ಲೆಕ್ಕ ಬರೆದುಕೊಂಡಿದ್ದವರು. ಅಧಿಕಾರಿ ಅವರಿಗೆ ‘ಡಿ ಫ್ಯಾಕ್ಟೋ’, ಅಂದರೆ ಶಾಸನದಲ್ಲಿಲ್ಲದಿದ್ದರೂ ವಾಸ್ತವದಲ್ಲಿ ನಡೆಯುವ, ಕಾನೂನುಗಳಿಗೆ ಸಂಬಂಧಿಸಿದ ವಿಧಿಯನ್ನು ವಿವರಿಸಲು ಕೊಟ್ಟರು. ಕುದುರೆಗೆ ಕ್ರಿಸ್‌ಮಸ್ ಹಬ್ಬದ ಬಗ್ಗೆ ಎಷ್ಟು ಗೊತ್ತೋ ತನಗೆ ಆ ಕಾನೂನಿನ ಬಗ್ಗೆ ಅಷ್ಟೇ ಗೊತ್ತಿತ್ತೆಂದು ಹೇಮರ್ ಆಮೇಲೆ ನಗುತ್ತ ಹೇಳುತ್ತಿದ್ದರು. ವಾಪಸು ಬರುವಾಗ ಪೊಲೀಸರು ಬಸ್ಸನ್ನು ತಡೆದು ಚಾಲಕನಿಗೆ ದಂಡ ಹಾಕಿದರು. ಬಸ್ಸಿನ ಬಣ್ಣ ಅತಿಯಾಗಿ ಹಳದಿ ಎಂಬುದು ಅಪರಾಧ. ಅರ್ಜಿಯನ್ನು ಹಿಂತೆಗೆದುಕೊಳ್ಳಲು ಒಪ್ಪದ್ದರಿಂದ ಅದೇ ರಾತ್ರಿ ಹೇಮರ್ ತೋಟದ ಮನೆ ಬಿಡಬೇಕಾಯಿತು. ಮರುವರ್ಷದ ಜನವರಿಯಲ್ಲಿ ಅವರು ಪರೀಕ್ಷೆಯಲ್ಲಿ ಪಾಸಾದರು, ಆದರೆ ಮತ ಹಾಕಲು ಹೋದಾಗ ಮತಗಂದಾಯದ ರಸೀದಿ ಎಲ್ಲಿ ಎಂಬ ಪ್ರಶ್ನೆ ಎದುರಾಯಿತು.

1963ರ ಜೂನ್ ತಿಂಗಳಲ್ಲಿ ಹೇಮರ್ ಮತ್ತು ಸಂಗಡಿಗರು ಚಾರ್ಲ್‌ಸ್ಟನ್ನಿನಲ್ಲಿ ಈ ಪೌರತ್ವ ಶಾಲೆಗಳ ತರಬೇತಿ ಮುಗಿಸಿಕೊಂಡು ಮರಳುತ್ತಿದ್ದಾಗ ವಿನೋನಾ ಎಂಬ ಊರಿನ ಬಸ್ ನಿಲ್ದಾಣದಲ್ಲಿ ಅವರನ್ನು ಬಂಧಿಸಿ, ಜೈಲಿನಲ್ಲಿ ಬಡಿದರು. ಆ ಏಟುಗಳ ನೋವು ಅವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ. 1964ರ ಆಗಸ್ಟ್ 22ರಂದು ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಸಮಿತಿಯ ಎದುರು ಅವರು ಇದನ್ನೆಲ್ಲ ಹೇಳತೊಡಗಿದಾಗ, ಟೆಲಿವಿಷನ್ ಕ್ಯಾಮೆರಾಗಳನ್ನು ಬೇರೆಡೆಗೆ ಸೆಳೆಯಲು ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದರು. ವಾಹಿನಿಗಳು ಹೇಮರ್ ಅವರ ಹೇಳಿಕೆಯನ್ನು ರಾತ್ರಿ ಬಿತ್ತರಿಸಿದವು. ಇನ್ನೂ ಹೆಚ್ಚು ಜನ ನೋಡಿದರು.

1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದ ಸೇತುವೆಯ ಮೇಲೆ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟವರ ಮೇಲೆ ನಡೆದ ಲಾಠಿ ಪ್ರಹಾರ, ಅದಾದ ಮೇಲೆ ಮಾಂಟ್ಗೊಮರಿಯವರೆಗೆ ನಡೆದ 54 ಮೈಲಿಗಳ ಪಾದಯಾತ್ರೆ, ಇವುಗಳ ಒತ್ತಡಕ್ಕೆ ಮಣಿದು ಅದೇ ಜಾನ್ಸನ್ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಕಾಯಿದೆಯ ವ್ಯಾಪ್ತಿಗೆ ಬಂದ ಕಡೆಗಳಲ್ಲಿ ಅಕ್ಷರ ಪರೀಕ್ಷೆಗಳು ನಿಂತವು, ಅಗತ್ಯವಿದ್ದಲ್ಲಿ ನೋಂದಣಿಗೆ ಕೇಂದ್ರದ ಅಧಿಕಾರಿಗಳೇ ಬಂದರು. ಮಿಸಿಸಿಪ್ಪಿಯಲ್ಲಿ ಅರ್ಹ ಕಪ್ಪು ಜನರ ನೋಂದಣಿ ಶೇಕಡಾ 6.7ರಷ್ಟಿದ್ದದ್ದು 1967ರ ಹೊತ್ತಿಗೆ ಶೇಕಡಾ 59.8ಕ್ಕೆ ಏರಿತು. ಕಾಯಿದೆಯಿಂದ ಬಾಗಿಲು ತೆರೆಯಿತು, ನಿಜ. ಆದರೆ ತೆರೆದ ಬಾಗಿಲಿಗೆ ಅಷ್ಟು ಬೇಗ ಅಷ್ಟು ಜನ ಬರುವುದಕ್ಕೆ ಊರೂರಿನಲ್ಲಿ ಈ ಶಾಲೆಗಳು ಮತ್ತು ಯುವ ಸಂಘಟಕರು ವರ್ಷಗಟ್ಟಲೆ ಮಾಡಿದ್ದ ಕೆಲಸವೂ ಕಾರಣ.

ಕಾಯಿದೆಯ ಬಲವಾದ ಭಾಗ ಅದರ 5ನೆಯ ಪ್ರಕರಣ. ಹಿಂದೆ ತಾರತಮ್ಯ ಮಾಡಿದ ರಾಜ್ಯಗಳು ಮತದಾನದ ನಿಯಮ ಬದಲಿಸಬೇಕಾದರೆ ಕೇಂದ್ರದ ಅನುಮತಿಯನ್ನು ಮೊದಲೇ ಪಡೆಯಬೇಕೆಂದು ಅದು ವಿಧಿಸಿತ್ತು. ಯಾವ ರಾಜ್ಯಗಳಿಗೆ ಅದು ಅನ್ವಯಿಸಬೇಕೆಂಬ ಸೂತ್ರ ಹಳತಾಯಿತೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ ಆ ಸೂತ್ರವನ್ನು ರದ್ದುಮಾಡಿತು; ಮೊದಲೇ ಅನುಮತಿ ಪಡೆಯುವ ಕಟ್ಟಳೆ ಅಲ್ಲಿಗೆ ನಿಂತಿತು. ಅದೇ ವರ್ಷ ನಾರ್ತ್ ಕ್ಯಾರೊಲಿನಾ ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸಿ, ಮುಂಚಿತ ಮತದಾನದ ದಿನಗಳನ್ನು ಕಡಿತಗೊಳಿಸಿ ಕಾನೂನು ತಂದಿತು. ಕಪ್ಪು ಮತದಾರರನ್ನೇ ಶಸ್ತ್ರಚಿಕಿತ್ಸೆಯಷ್ಟು ನಿಖರವಾಗಿ ಗುರಿಯಾಗಿಸಲಾಗಿದೆ ಎಂದು ಹೇಳಿ ಮೇಲ್ಮನವಿ ನ್ಯಾಯಾಲಯವೊಂದು 2016ರ ಜುಲೈನಲ್ಲಿ ಅದನ್ನು ಹೊಡೆದುಹಾಕಿತು. ಹಳೆಯ ವ್ಯವಸ್ಥೆಯಿದ್ದಿದ್ದರೆ ಆ ಕಾನೂನು ಜಾರಿಗೆ ಬರುವ ಮೊದಲೇ ಪರಿಶೀಲನೆಗೆ ಒಳಗಾಗಬೇಕಿತ್ತು. ಈಗ ವ್ಯಾಜ್ಯ ಮುಗಿಯುವಷ್ಟರಲ್ಲಿ 2014ರ ಚುನಾವಣೆ ಅದರ ಕೆಲವು ನಿಯಮಗಳಡಿಯಲ್ಲೇ ನಡೆದುಹೋಗಿತ್ತು.

ನಮಸ್ಕಾರ.