ಫೋರ್ಟ್‌ನೈಟ್: ಹದಿನಾಲ್ಕಾ, ಹದಿನೈದಾ?

[ತೆರೆಯಲ್ಲಿ ಕ್ಯಾಲೆಂಡರ್. 1ನೇ ತಾರೀಖು, ಸೋಮವಾರ]

ಇವತ್ತು ಸೋಮವಾರ, ಒಂದನೇ ತಾರೀಖು. ಇವತ್ತಿಗೆ ಒಂದು ಫೋರ್ಟ್‌ನೈಟ್ ಅಂದ್ರೆ ಯಾವತ್ತು? 15ನೇ ತಾರೀಖು, ಮತ್ತೆ ಸೋಮವಾರವೇ. ನಾವು ಇದನ್ನೇ ‘ಹದಿನೈದು ದಿನ’ ಅಂತೀವಿ. ಆದ್ರೆ ಆ ಇಂಗ್ಲಿಷ್ ಪದದೊಳಗೆ ಕೂತಿರೋದು ಹದಿನಾಲ್ಕು!

[ತೆರೆಯಲ್ಲಿ: ಫೋರ್ಟೀನ್ + ನೈಟ್]

‘ಫೋರ್ಟೀನ್ ನೈಟ್ಸ್’, ಹದಿನಾಲ್ಕು ರಾತ್ರಿ. ಹಳೆ ಇಂಗ್ಲಿಷ್‌ನ ಎರಡು ಪದ ಜನರ ಬಾಯಲ್ಲಿ ಸವೆದು ಒಂದಾಗಿವೆ. ಇದರಲ್ಲಿರೋ ‘ಫೋರ್ಟ್’ ಅಂದ್ರೆ ಕೋಟೆ ಅಲ್ಲ. ಮಕ್ಕಳು ಆಡೋ ‘ಫೋರ್ಟ್‌ನೈಟ್’ ಗೇಮ್‌ನ ಹೆಸರಲ್ಲಿ ಕೋಟೆ ಇದೆ, ಅದು ಬೇಕಂತಲೇ ಮಾಡಿದ ಶ್ಲೇಷೆ.

ಹಗಲು ಬಿಟ್ಟು ರಾತ್ರಿ ಯಾಕೆ ಎಣಿಸಿದ್ರು? ಕ್ರಿ.ಶ. 98ರ ಸುಮಾರಿಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಜರ್ಮನಿಕ್ ಬುಡಕಟ್ಟುಗಳ ಬಗ್ಗೆ ಬರೀತಾ, ಇವರು ನಮ್ಮ ಹಾಗೆ ಹಗಲುಗಳನ್ನಲ್ಲ, ರಾತ್ರಿಗಳನ್ನ ಎಣಿಸ್ತಾರೆ ಅಂದ. ಅವರಿಗೆ ಮೊದಲು ರಾತ್ರಿ, ಅದರ ಹಿಂದೆ ಹಗಲು. ಇಂಗ್ಲಿಷ್ ಆ ಕುಟುಂಬದ್ದೇ ಭಾಷೆ. ವಾರಕ್ಕೂ ‘ಸೆನೈಟ್’, ಅಂದ್ರೆ ಏಳು ರಾತ್ರಿ, ಅನ್ನೋ ಪದ ಇತ್ತು. ‘ವೀಕ್’ ಮುಂದೆ ಅದು ನಿಲ್ಲಲಿಲ್ಲ.

[ತೆರೆಯಲ್ಲಿ: ಸಾಲಾಗಿ 15 ಕಂಬಗಳು]

ಈಗ ಆ ಒಂದು ದಿನದ ಲೆಕ್ಕ. ಹದಿನೈದು ಕಂಬ ಸಾಲಾಗಿ ನಿಲ್ಲಿಸಿ. ನಡುವಿನ ಅಂಕಣ ಎಷ್ಟು? ಹದಿನಾಲ್ಕು. ಸೋಮವಾರದಿಂದ ಸೋಮವಾರಕ್ಕೆ ಎರಡೂ ತುದಿ ಸೇರಿಸಿ ಹಗಲು ಎಣಿಸಿದ್ರೆ 15, ನಡುವಿನ ರಾತ್ರಿ ಎಣಿಸಿದ್ರೆ 14. ನಾವು ಕಂಬ ಎಣಿಸ್ತೀವಿ, ಇಂಗ್ಲಿಷ್‌ನವರು ಅಂಕಣ. ವಾರಕ್ಕೆ ನಾವು ‘ಎಂಟು ದಿನ’ ಅನ್ನೋದೂ ಹೀಗೇ. ಫ್ರೆಂಚರೂ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಅಂತಾರೆ. ವೇಲ್ಸ್‌ನವರದ್ದು ಇನ್ನೂ ಮಜಾ: ಎಣಿಸೋದು ರಾತ್ರಿ, ಹೇಳೋದು ‘ಹದಿನೈದು ರಾತ್ರಿ’!

ಹಾಗಂತ ಪಂಚಾಂಗದ ಪಕ್ಷವನ್ನ ಇದಕ್ಕೆ ಸಮ ಅನ್ನಬೇಡಿ. ಪಕ್ಷಕ್ಕೆ 15 ತಿಥಿ ನಿಜ, ಆದ್ರೆ ತಿಥಿ ಅಂದ್ರೆ ಪೂರ್ತಿ ದಿನ ಅಲ್ಲ. ಸರಾಸರಿ ತೆಗೆದ್ರೆ ಪಕ್ಷ ಸುಮಾರು 14.77 ದಿನ.

ಎಡವೋದು ಎಲ್ಲಿ? ಮೊದಲನೇದು ಸಂಬಳ. ಆಸ್ಟ್ರೇಲಿಯಾದಲ್ಲಿ ಫೋರ್ಟ್‌ನೈಟ್‌ಗೊಮ್ಮೆ ಸಂಬಳ ಕೊಡೋದು ಸಾಮಾನ್ಯ. ‘ತಿಂಗಳಿಗೆ ಎರಡು ಸಲ’ ಅಂದುಕೊಂಡು ವರ್ಷಕ್ಕೆ 24 ಅಂತ ಗುಣಿಸಿದ್ರೆ ತಪ್ಪು, ಬರೋದು 26. ತಿಂಗಳ ಆದಾಯ ಬೇಕಾ? 26ರಿಂದ ಗುಣಿಸಿ, 12ರಿಂದ ಭಾಗಿಸಿ.

ಎರಡನೇದು ನೋಟಿಸ್. 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 9ನೇ ಕಲಮಿನ ಪ್ರಕಾರ, ಕೇಂದ್ರದ ಕಾಯ್ದೆಯಲ್ಲಿ ‘ಫ್ರಮ್’ ಅಂತಿದ್ರೆ ಮೊದಲ ದಿನ ಲೆಕ್ಕಕ್ಕಿಲ್ಲ. ಒಂದನೇ ತಾರೀಖಿನಿಂದ 15 ದಿನ ಅಂದ್ರೆ ಗಡುವು 16ಕ್ಕೆ. ಫೋರ್ಟ್‌ನೈಟ್ 15ಕ್ಕೇ ಮುಗಿದಿರುತ್ತೆ.

ಅಮೆರಿಕದ ಕ್ಲೈಂಟ್‌ಗೆ ಮೇಲ್ ಬರೆಯುವಾಗ ಈ ಪದ ಬೇಡ, ಅಲ್ಲಿ ಇದರ ಬಳಕೆ ಕಡಿಮೆ. ‘ಬೈವೀಕ್ಲಿ’ಯಂತೂ ಬೇಡವೇ ಬೇಡ: ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ, ಎರಡೂ ಅರ್ಥ ಅದಕ್ಕಿದೆ. ತಾರೀಖನ್ನೇ ಹಾಕಿ.

[ತೆರೆಯಲ್ಲಿ: 1.2096 ಸೆಕೆಂಡ್]

ಇದು ಮೈಕ್ರೋಫೋರ್ಟ್‌ನೈಟ್, ಫೋರ್ಟ್‌ನೈಟ್‌ನ ಹತ್ತು ಲಕ್ಷದ ಒಂದು ಪಾಲು. ತಮಾಷೆ ಅನ್ಕೊಂಡ್ರಾ? ವಿಎಂಎಸ್ ಅನ್ನೋ ಹಳೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಸೆಟ್ಟಿಂಗ್‌ನ ಅಳತೆ ಇದೇ ಆಗಿತ್ತು.