ಜಿನೀವಾದ ಪಟ್ಟಿಯಲ್ಲಿ ನಮ್ಮ ತೊಗರಿ ಕೀಡಿ

ಕೇಳುಗರಿಗೆ ನಮಸ್ಕಾರ.

ತೊಗರಿ ಹೂಬಿಟ್ಟಾಗ ನಾಲ್ಕು ದಿನ ಮೋಡ ಮುಸುಕಿದರೆ ಸಾಕು, ಆಳಂದ, ಜೇವರ್ಗಿ, ಸೇಡಂ ಕಡೆಯ ರೈತರಿಗೆ ಕಾಯಿಕೊರಕದ ಚಿಂತೆ ಹತ್ತುತ್ತದೆ. ಕೀಡಿ ಕಾಯಿಗೆ ತೂತು ಕೊರೆದು, ತಲೆ ಒಳಗೆ, ಮೈ ಹೊರಗೆ ಇಟ್ಟುಕೊಂಡು ಕಾಳು ತಿನ್ನುತ್ತದೆ. ಒಂದು ಕಾಲಕ್ಕೆ ಅದಕ್ಕೆ ಹೊಡೆಯುತ್ತಿದ್ದ ಅಗ್ಗದ ಔಷಧ ಎಂಡೋಸಲ್ಫಾನ್. 2011ರ ಏಪ್ರಿಲ್‌ನಲ್ಲಿ ಈ ಕೀಡಿಯ ಹೆಸರು ಜಿನೀವಾದಲ್ಲಿ ಕೂಡಿದ್ದ ದೇಶಗಳ ತೀರ್ಮಾನದೊಳಗೆ ಅಚ್ಚಾಯಿತು.

ಅದು ಸ್ಟಾಕ್‌ಹೋಮ್ ಒಪ್ಪಂದದ ಸಭೆ. ಬೇಗ ನಾಶವಾಗದೆ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಒಪ್ಪಂದ ಇದು. ವಿಷವೊಂದನ್ನು ಅಲ್ಲಿ ಅಳೆಯುವ ರೀತಿ ಹೀಗೆ: ಅದರ ಅರ್ಧ ಪಾಲು ಒಡೆದು ಇಲ್ಲವಾಗಲು ನೀರಿನಲ್ಲಿ 2 ತಿಂಗಳು, ಇಲ್ಲವೇ ಮಣ್ಣಿನಲ್ಲಿ 6 ತಿಂಗಳು ಮೀರುತ್ತದೆಯೇ? ಜೀವಿಗಳ ಮೈಯಲ್ಲಿ ಕೂಡಿಕೊಳ್ಳುತ್ತದೆಯೇ? ಗಾಳಿ, ನೀರು ಹಿಡಿದು ದೂರ ಹೋಗುತ್ತದೆಯೇ? ಯಾರೂ ಬೇಸಾಯ ಮಾಡದ ಉತ್ತರ ಧ್ರುವದ ಹಿಮಪ್ರದೇಶದಲ್ಲೂ ಎಂಡೋಸಲ್ಫಾನ್ ಸಿಕ್ಕಿತ್ತು.

ಆಗ ಅದನ್ನು ಅತಿ ಹೆಚ್ಚು ತಯಾರಿಸುತ್ತಿದ್ದ ದೇಶ ಭಾರತ. ಔಷಧ ಅಗ್ಗ, ಬಡ ರೈತನಿಗೆ ಬೇಕು ಎಂದು ನಮ್ಮ ಪ್ರತಿನಿಧಿಗಳು ವರ್ಷಗಟ್ಟಲೆ ವಿರೋಧಿಸಿದರು. ಆದರೆ ಮಾತಿನ ಜಾಡೇ ಬದಲಾಗಿತ್ತು. ಮೊದಲು ‘ಯಾಕೆ ನಿಲ್ಲಿಸಬೇಕು’ ಎಂಬ ಪ್ರಶ್ನೆ ಇತ್ತು. ಈಗ ‘ಯಾವ ಬೆಳೆಗೆ, ಯಾವ ಹುಳಕ್ಕೆ, ಎಷ್ಟು ವರ್ಷ ಬೇಕು ಹೇಳಿ’ ಎಂದಾಯಿತು. ನಿಷೇಧಕ್ಕೆ ಒಪ್ಪಿ ವಿನಾಯಿತಿ ಕೇಳುವುದೊಂದೇ ದಾರಿ ಉಳಿಯಿತು. ವಿನಾಯಿತಿಯ ಪಟ್ಟಿಯಲ್ಲಿ ತೊಗರಿ, ಕಡಲೆಯ ಎದುರು ಸಸ್ಯಹೇನು, ಕಂಬಳಿಹುಳ, ಕಾಯಿಕೊರಕ ಬಂದವು. ಅವಧಿ 5 ವರ್ಷ, ಮುಂದುವರಿಸಬೇಕಾದರೆ ಮತ್ತೆ ಸಭೆಯನ್ನೇ ಕೇಳಬೇಕಿತ್ತು. ನಿಯಮದ ನಿಜವಾದ ಬಲ ಇಲ್ಲಿದೆ ಎಂದು ನನ್ನ ಎಣಿಕೆ. ಕಾರಣ ಕೊಡುವ ಭಾರವನ್ನು ಅದು ನಿಲ್ಲಿಸಿ ಎನ್ನುವವರಿಂದ ಬಳಸುತ್ತೇನೆ ಎನ್ನುವವರ ಹೆಗಲಿಗೆ ದಾಟಿಸುತ್ತದೆ.

ಒಪ್ಪಂದದ ನಿಷೇಧ ಪಟ್ಟಿಗೆ ಹೊಸ ವಿಷವೊಂದು ಸೇರಿದರೆ, ಆ ನಿಷೇಧ ಭಾರತಕ್ಕೆ ಅನ್ವಯಿಸಲು ನಾವು ಪ್ರತ್ಯೇಕವಾಗಿ ಒಪ್ಪಬೇಕು. ಆದರೂ ಎರಡೇ ವಾರದಲ್ಲಿ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆ ತಡೆಯಿತು. ಕೋರ್ಟು ಆಧಾರವಾಗಿ ಹಿಡಿದದ್ದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಮತ್ತು ಮುನ್ನೆಚ್ಚರಿಕೆಯ ತತ್ವ, ಅಂದರೆ ಹಾನಿ ಪೂರ್ತಿ ಸಾಬೀತಾಗುವವರೆಗೆ ಕಾಯದೆ ತಡೆಯಬೇಕೆಂಬ ಮಾತು. ಈ ತತ್ವ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಹೊರಡಿಸಿದ 1992ರ ರಿಯೊ ಘೋಷಣೆಯಲ್ಲಿತ್ತು. 1996ರಲ್ಲಿ, ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ಮೊಕದ್ದಮೆಯಲ್ಲಿ, ಅದೇ ಕೋರ್ಟು ಅದನ್ನು ನಮ್ಮ ನೆಲದ ಕಾನೂನಾಗಿಸಿತ್ತು. 2011ರ ಈ ತಡೆಯ ಹಿಂದೆ, ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಗೇರುತೋಟಗಳ ನಡುವೆ ನರಳಿದ ಮಕ್ಕಳ ತಾಯಂದಿರ ದಶಕದ ಹೋರಾಟವಿದೆ.

ಒಪ್ಪಂದ ಎಡವುವುದು ಹೊಲದ ಬದುವಿನಲ್ಲಿ. ಒಂದು ವಿಷ ಹೋಗಿ ಇನ್ನೊಂದು ಬಂದರೆ, ಅದನ್ನೇ ಮತ್ತೆ ಮತ್ತೆ ಹೊಡೆದರೆ, ಕೀಡಿ ಅದಕ್ಕೂ ಜಗ್ಗದಂತಾಗುತ್ತದೆ. ಹಾಗಾಗಿ ಹಳೆಯ ಉಪಾಯವೂ ಬೇಕು: ಇಬ್ಬರು ಗಿಡದ ಬುಡದಲ್ಲಿ ತಾಡಪತ್ರಿ ಹಿಡಿಯಬೇಕು, ಮೂರನೆಯವರು ಗಿಡ ಅಲ್ಲಾಡಿಸಿ ಹುಳ ಉದುರಿಸಬೇಕು. ಬೇವಿನ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು. ಹುಳಕ್ಕೆ ರೋಗ ತರುವ ಎನ್‌ಪಿವಿ ದ್ರಾವಣವನ್ನು ಸಂಜೆಯೇ ಸಿಂಪಡಿಸಿ. ಬಿಸಿಲಿಗೆ ಆ ವೈರಾಣು ಸಾಯುತ್ತದೆ.